ಕಾಲು ತೊಳೆದವನ ಕೈ

"ಬೂಟು ಬೇಕಾ ನಿಮಗೆ, ಬೂಟು? ಇವತ್ತು ಬೂಟು ಕೇಳ್ತೀರಾ, ನಾಳೆ ಟೋಪಿ ಕೇಳ್ತೀರಾ, ನಾಡಿದ್ದು ಕೊಡೆ ಹಿಡಿಯೋಕೆ ಒಬ್ಬ ಆಳು ಬೇಕು ಅಂತೀರಾ. ಮುಚ್ಕೊಂಡು ತುಳೀರೇ, ಮುಂಡೇರಾ."

ಮೇಸ್ತ್ರಿ ತೊಟ್ಟಿಯ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ. ಅವನ ಕಾಲಲ್ಲಿ ಮೊಣಕಾಲು ಮುಟ್ಟುವ ಕಪ್ಪು ರಬ್ಬರ್ ಬೂಟು ಇತ್ತು. ತೊಟ್ಟಿಗೆ ಇಳಿಯದವನಿಗೆ ಬೂಟು, ಇಳಿಯುವವರಿಗೆ ಬರಿಗಾಲು. ಆ ಬಣ್ಣದ ಕಾರ್ಖಾನೆಯಲ್ಲಿ ಮೊದಲಿನಿಂದಲೂ ನಡೆದುಬಂದದ್ದು ಹಾಗೆ. ತೊಟ್ಟಿಯೊಳಗೆ ಐದಾರು ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದು, ಬಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಅದುಮುತ್ತಿದ್ದರು. ಮೆಲ್ಲಗೇ ಅದುಮಬೇಕು. ಗುಳ್ಳೆ ಎದ್ದರೆ ಗಾಳಿ ಸೇರುತ್ತದೆ, ಗಾಳಿ ಸೇರಿದರೆ ತೊಟ್ಟಿ ಕೆಡುತ್ತದೆ. ಒಳಗಿರುವ ತನಕ ಆ ನೀರು ನೀಲಿಯಲ್ಲ. ಹಳದಿಯೋ ಹಸಿರೋ ಹೇಳಲಾಗದ ಒಂದು ಕೊಳಕು ಬಣ್ಣ. ಬಟ್ಟೆಯನ್ನು ಮೇಲೆತ್ತಿ ಗಾಳಿಗೆ ಹಿಡಿದಾಗಲೇ ಅದು ಕಣ್ಣೆದುರಿಗೇ ಹಸಿರಾಗಿ, ಆಮೇಲೆ ನೀಲಿಯಾಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ದಿನ ಅದನ್ನು ಬಾಯಿಬಿಟ್ಟುಕೊಂಡು ನೋಡುತ್ತಾರೆ. ಎರಡನೆಯ ದಿನ ತಮ್ಮ ಕಾಲು ನೋಡಿಕೊಂಡು ಬಾಯಿ ಮುಚ್ಚುತ್ತಾರೆ.

ಬಾಯಿ ಮುಚ್ಚದೆ ಉಳಿದವಳು ಒಬ್ಬಳೇ. "ಬೂಟು ಬೇಡ ಬಿಡಿ ಮೇಸ್ತ್ರಿ, ಬೂಟಿನದೊಂದು ಫೋಟೋ ಕೊಡಿ. ಕಾಲಿಗೆ ಕಟ್ಕೊಂಡು ತುಳೀತೀವಿ."

ಹೆಂಗಸರ ಹೆಗಲುಗಳು ನಗುವಿಗೆ ಕುಲುಕಿದವು. ತೊಟ್ಟಿಯಲ್ಲಿ ಗುಳ್ಳೆ ಎದ್ದವು.

"ಬಾಯಿಬಡುಕಿ, ನಿನ್ನ ನಾಲಿಗೆ ಕಿತ್ತು ಅದೇ ತೊಟ್ಟೀಲಿ ಅದ್ದಿಬಿಡ್ತೀನಿ ನೋಡು."

"ಅದ್ದಿ. ಆದ್ರೆ ಒಂದೇ ಸಲ ಅದ್ದಿದ್ರೆ ಹಿಡಿಯಲ್ಲ ಅಂತ ನೀವೇ ಹೇಳೋದು."

ಅದೂ ನಿಜವೇ. ಒಮ್ಮೆ ಅದ್ದಿದ ಬಟ್ಟೆ ಒಂದು ಒಗೆತಕ್ಕೆ ಬಿಳಚಿಕೊಳ್ಳುತ್ತದೆ. ಅದ್ದಿ, ಎತ್ತಿ, ಗಾಳಿಗೆ ಹಿಡಿದು, ಮತ್ತೆ ಅದ್ದಬೇಕು. ಮೇಸ್ತ್ರಿ ದಿನವಿಡೀ ಕೂಗುವುದೇ ಅದನ್ನು.

ಅವಳಿಗೂ ತಾಯಿ ತಂದೆ ಇಟ್ಟ ಒಂದು ಹೆಸರು ಇದ್ದೀತು. ಮೇಸ್ತ್ರಿ ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಅವಳಿಗೂ ಅದರ ಬಗ್ಗೆ ತಕರಾರಿರಲಿಲ್ಲ, ಹೆಸರಿಗೆ ತಕ್ಕಂತೆ ಬಾಳುವ ಹೆಂಗಸು.

ಗಲಾಟೆ ಕೇಳಿ ಯಜಮಾನರು ಆಫೀಸಿನಿಂದ ಹೊರಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು. ಬೈಯುವವರಲ್ಲ ಅವರು. ಬೈಯಲೆಂದೇ ಮೇಸ್ತ್ರಿಯನ್ನು ಇಟ್ಟುಕೊಂಡಿದ್ದರು. ತಮ್ಮದೇನಿದ್ದರೂ ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು.

"ಏನಮ್ಮಾ ತೊಂದರೆ?"

"ಕಾಲು ಸೀಳ್ತಿದೆ ಯಜಮಾನ್ರೇ. ತೊಟ್ಟಿಗೆ ಹಾಕೋ ಸುಣ್ಣ ಕಚ್ಚುತ್ತೆ, ಕಚ್ಚಿದ ಕಡೆ ಬಣ್ಣ ಇಳಿಯುತ್ತೆ. ಬೂಟು ಕೊಡಿಸಿ ಅಂತ ಕೇಳ್ತಿದ್ವಿ."

ಯಜಮಾನರು ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. "ಬಣ್ಣ ತಾನೇ ಕಣಮ್ಮಾ. ಸೋಪು ಹಚ್ಚಿದ್ರೆ ಹೋಗುತ್ತೆ."

ಹೀಗೆ ಹೇಳಿ, ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಹನಿಯನ್ನು ಹುಷಾರಾಗಿ ದಾಟಿ, ಒಳಕ್ಕೆ ಹೋದರು.

ಬಾಯಿಬಡುಕಿಯ ಮನೆ ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ಒಂದು ಕೋಣೆ. ಕೋಣೆಯೂ ಕಾರ್ಖಾನೆಯದೇ. ಗಂಡ ಲಾರಿಯಲ್ಲಿ ಕ್ಲೀನರಾಗಿ ಹೋದವನು. ಲಾರಿ ಎಷ್ಟೋ ಸಲ ವಾಪಸು ಬಂತು, ಅವನು ಬರಲಿಲ್ಲ. ಹೋಗುವಾಗ ತನ್ನ ತಾಯಿಯನ್ನು ಇವಳಿಗೆ ಬಿಟ್ಟುಹೋಗಿದ್ದ. ಅತ್ತೆಯೂ ವಯಸ್ಸೆಲ್ಲ ಅದೇ ತೊಟ್ಟಿಯಲ್ಲಿ ಕಳೆದವಳು. ಕಣ್ಣು ಮಂಜಾಗಿತ್ತು, ನಾಲಿಗೆ ಚುರುಕಾಗಿತ್ತು. ಕಾಲು ಮೊಣಕಾಲಿನ ತನಕ ನೀಲಿ, ಹಿಮ್ಮಡಿಯ ಸೀಳುಗಳಲ್ಲಿ ಕಡುನೀಲಿ. ಎಡಗಾಲಿನ ಹುಣ್ಣು ವಾಸಿಯಾಗುವುದನ್ನೇ ಮರೆತಿತ್ತು.

ಆ ಹುಣ್ಣನ್ನು ನೋಡಲೆಂದು ಪಾದ್ರಿ ಬಂದದ್ದರಿಂದಲೇ ಇದೆಲ್ಲ ಶುರುವಾದದ್ದು. ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ನಿಂತ ಚರ್ಚು ಅವನದು. ಒಳ್ಳೆಯ ಮನುಷ್ಯ, ಆದರೆ ಯಾರಾದರೂ ಜೋರಾಗಿ ಕೆಮ್ಮಿದರೂ ತನ್ನದೇ ತಪ್ಪೆಂದುಕೊಳ್ಳುವವನು. ಅತ್ತೆಯ ಪಕ್ಕ ಕುಳಿತು ಒಂದು ಕಥೆ ಓದಿದ. ಒಬ್ಬ ಗುರು ಸಾಯುವ ಮುಂಚೆ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಕೂತು, ತನ್ನ ಶಿಷ್ಯರ ಕಾಲು ತೊಳೆದ ಕಥೆ.

"ತಪ್ಪು ಓದಿದ್ರಿ ಪಾದ್ರಿಗಳೇ," ಎಂದಳು ಬಾಯಿಬಡುಕಿ. "ಶಿಷ್ಯರು ಗುರುವಿನ ಕಾಲು ತೊಳೆದಿರ್ತಾರೆ. ಕನ್ನಡಕ ಒರೆಸ್ಕೊಂಡು ಇನ್ನೊಂದು ಸಲ ಓದಿ."

ಪಾದ್ರಿ ನಿಜಕ್ಕೂ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದ. ಹಾಗೇ ಇತ್ತು. ಬಾಯಿಬಡುಕಿ ಸುಮ್ಮನಾದಳು. ಅವಳು ಸುಮ್ಮನಾದದ್ದಕ್ಕೆ ಅತ್ತೆಗೆ ಗಾಬರಿಯಾಯಿತು.

"ಏನೇ, ಉಸಿರಾಡ್ತಿದ್ದೀಯಾ?"

ಪಾದ್ರಿ ಹೋದ ಮೇಲೆ ಪಾತ್ರೆ ತೊಳೆಯುತ್ತಾ ಅವಳು ತನ್ನ ಕಾಲುಗಳನ್ನೇ ನೋಡಿಕೊಂಡಳು. ಆಸ್ಪತ್ರೆಗೆ ಹೋದಾಗ ಕಾಂಪೌಂಡರ್ ಅವನ್ನು ಪೆನ್ನಿನ ತುದಿಯಿಂದ ತೋರಿಸಿ ಮುಲಾಮು ಬರೆದುಕೊಟ್ಟಿದ್ದ. ಚಪ್ಪಲಿ ಅಂಗಡಿಯವನು ದೂರದಿಂದಲೇ ಕಣ್ಣಳತೆ ತೆಗೆದು, ಹಾಕಿ ನೋಡುವುದು ಬೇಡ, ಸರಿಹೋಗುತ್ತದೆ ಎಂದಿದ್ದ. ಸರಿಹೋಗಿರಲಿಲ್ಲ. ಮುಟ್ಟಿದ್ದು ಸುಣ್ಣ ಒಂದೇ. ಅವಳಿಗೆ ಆಸೆಯಾಯಿತು. ಒಂದು ಸಲ, ಯಾರಾದರೂ ಒಬ್ಬರು, ಈ ಕಾಲನ್ನು ಕೈಯಲ್ಲಿ ಹಿಡಿಯಬೇಕು. ಆಸೆ ಎಷ್ಟು ಬಲವಾಗಿತ್ತೆಂದರೆ ಅವಳಿಗೇ ನಾಚಿಕೆಯಾಗಿ, ಪಾತ್ರೆಯನ್ನು ಸುಮ್ಮಸುಮ್ಮನೆ ಜೋರಾಗಿ ಉಜ್ಜಿದಳು.

"ಅತ್ತೆ, ನಾನು ಪಾದ್ರಿಗಳ ಚರ್ಚಿಗೆ ಸೇರ್ತೀನಿ."

"ಸೇರಿದ್ರೆ ಏನು ಮಾಡ್ತಾರೆ?"

"ಮೊದಲು ಕಾಲು ತೊಳೀತಾರಂತೆ. ಆಮೇಲೆ ತೊಟ್ಟೀಲಿ ಮುಳುಗಿಸ್ತಾರಂತೆ."

"ತೊಟ್ಟಿಯಿಂದ ತೊಟ್ಟಿಗೆ ಹೋಗೋಕೆ ಇಷ್ಟು ಯೋಚನೆ ಯಾಕೆ ಮಾಡ್ತೀಯಾ? ಹೋಗು."

ಅದು ಆ ಚರ್ಚಿನ ಹಳೆಯ ಪದ್ಧತಿ. ಹೊಸದಾಗಿ ಸೇರುವವರಿಗೆ ದೀಕ್ಷಾಸ್ನಾನ ಕೊಡುವ ಹಿಂದಿನ ಭಾನುವಾರ, ಸಭೆಯ ಹಿರಿಯ ಮಂಡಿಯೂರಿ ಕುಳಿತು ಅವರ ಕಾಲು ತೊಳೆಯಬೇಕು. ಮುಂದಿನ ಭಾನುವಾರ ಅದೇ ಹಿರಿಯ ಅವರ ಕೈಹಿಡಿದು ಸ್ನಾನದ ತೊಟ್ಟಿಗೆ ಇಳಿಸಬೇಕು. ಕಾಲು ತೊಳೆಸಿಕೊಳ್ಳದವರಿಗೆ ಸ್ನಾನವಿಲ್ಲ. ಸಭೆಯ ಹಿರಿಯರು ಬೇರೆ ಯಾರೂ ಅಲ್ಲ, ಯಜಮಾನರೇ. ಭಾನುವಾರ ಅವರು ಹಾಡಿದರೆ ಕಿಟಕಿಯ ಗಾಜು ನಡುಗುತ್ತಿತ್ತು. ಅದೇ ಭಾನುವಾರ ಗೋಡೆಯಾಚೆ ಹೆಂಗಸರು ತೊಟ್ಟಿಯಲ್ಲಿ ನಿಂತಿರುತ್ತಿದ್ದರು. ಒಂದು ದಿನ ಬಿಟ್ಟರೂ ಬಣ್ಣ ಕೆಡುತ್ತದೆ, ತೊಟ್ಟಿಗೆ ಭಾನುವಾರ ಗೊತ್ತಾಗುವುದಿಲ್ಲ ಎನ್ನುವುದು ಯಜಮಾನರ ಮಾತು. ಕೆಲಸ ಮುಗಿಸಿ ಓಡಿಬಂದವರಿಗೆ ಕೊನೆಯ ಬೆಂಚು. ಅದರ ಮೇಲೆ, ಕೂತರೆ ಬಣ್ಣ ಅಂಟದಿರಲೆಂದು, ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಪ್ರಾರ್ಥನೆಯ ಮಧ್ಯೆ ಯಾರಾದರೂ ಅಲ್ಲಾಡಿದರೆ ಅದು ಚರಪರ ಎನ್ನುತ್ತಿತ್ತು, ಮುಂದಿನ ಬೆಂಚಿನವರು ತಿರುಗಿ ನೋಡುತ್ತಿದ್ದರು.

ಸೇರಲು ಹೊರಟವರು ಮೂವರು. ಬಾಯಿಬಡುಕಿ, ಅವಳ ಗೆಳತಿ ಕುಳ್ಳಿ, ಮತ್ತೆ ಬಟ್ಟೆ ಒಣಹಾಕುವ ಒಬ್ಬ ಮುದುಕ. ಪಾದ್ರಿ ಮೂವರನ್ನೂ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಕ್ರೈಸ್ತರಾಗುವುದು ಎಂದರೇನು ಎಂದು ಪ್ರತಿ ಸಲ ಕೇಳುತ್ತಿದ್ದ. ಕುಳ್ಳಿ ಕಣ್ಣು ಮುಚ್ಚಿಕೊಂಡು ಕಂಠಪಾಠ ಒಪ್ಪಿಸುತ್ತಿದ್ದಳು. ಮುದುಕ ಅವಳ ತುಟಿ ನೋಡಿಕೊಂಡು ಹೇಳುತ್ತಿದ್ದ. ಬಾಯಿಬಡುಕಿಯ ಸರದಿ ಬಂದಾಗ ಪಾದ್ರಿ ಮೊದಲೇ ಬೆವರಿ, ಎದ್ದು ಕಿಟಕಿ ತೆಗೆಯುತ್ತಿದ್ದ.

"ನಂದೊಂದು ಅನುಮಾನ ಪಾದ್ರಿಗಳೇ. ಆ ಶಿಷ್ಯರು ಮನೇಲೇ ಕಾಲು ತೊಳ್ಕೊಂಡು ಬಂದಿದ್ರಾ?"

"ಇಲ್ಲಮ್ಮಾ. ದಾರಿಯ ಧೂಳು ಇತ್ತು. ಅದಕ್ಕೇ ತೊಳೆದದ್ದು."

"ಹಂಗೆ ಹೇಳಿ."

ಯಾಕೆ ಕೇಳಿದಳೆಂದು ಪಾದ್ರಿಗೆ ಗೊತ್ತಿತ್ತು. ಆ ಬೆಳಿಗ್ಗೆಯಷ್ಟೇ ಯಜಮಾನರ ಹೆಂಡತಿ ಕಾರ್ಖಾನೆಗೆ ಬಂದು ಮೂವರಿಗೂ ಒಂದೊಂದು ಜೊತೆ ಬಿಳಿ ಸಾಕ್ಸ್ ಹಂಚಿದ್ದಳು.

"ಈ ಸಲ ಬಿಷಪ್ಪರು ಬರ್ತಿದಾರೆ," ಎಂದಿದ್ದಳು. "ಬೋಗುಣಿ ಬೆಳ್ಳೀದು, ಟವೆಲು ಹೊಸದು. ಕೆಲಸ ಮುಗಿಸಿ ನಲ್ಲಿ ಹತ್ರ ಚೆನ್ನಾಗಿ ಉಜ್ಕೊಂಡು, ಇದನ್ನ ಹಾಕ್ಕೊಂಡು ಬನ್ನಿ. ಸಾಕ್ಸ್ ಮೇಲೇ ಒದ್ದೆ ಬಟ್ಟೆ ಮುಟ್ಟಿಸ್ತಾರೆ ನಮ್ಮೋರು. ದೇವರಿಗೆ ಬೇಕಾಗಿರೋದು ಮನಸ್ಸು, ಕಾಲಲ್ಲ."

"ಮನಸ್ಸಿಗೂ ಒಂದು ಜೊತೆ ತರಬೇಕಿತ್ತು ಅಮ್ಮಾ," ಎಂದಿದ್ದಳು ಬಾಯಿಬಡುಕಿ. ಯಜಮಾನರ ಹೆಂಡತಿ ಅದನ್ನು ಕೇಳಿಸಿಕೊಳ್ಳದಷ್ಟು ದೊಡ್ಡ ಮನುಷ್ಯಳು.

ಈಗ ಅವಳು ಆ ಸಾಕ್ಸನ್ನು ಪಾದ್ರಿಯ ಮೇಜಿನ ಮೇಲಿಟ್ಟಳು. "ಇದು ಆ ಕಥೇಲಿ ಎಲ್ಲಿ ಬರುತ್ತೆ, ತೋರಿಸಿ."

ಪಾದ್ರಿ ಛಾವಣಿ ನೋಡಿದ. ಛಾವಣಿ ಯಜಮಾನರೇ ಹಾಕಿಸಿಕೊಟ್ಟದ್ದು. "ಹೊಂದ್ಕೊಂಡು ಹೋಗಮ್ಮಾ. ಒಂದು ದಿನದ ಮಾತು," ಎಂದ.

"ಹೊಂದ್ಕೊಂಡೇ ಹೋಗ್ತೀನಿ. ಅವರು ಹಾಕ್ಕೋ ಅಂದಿದ್ದನ್ನ ಹಾಕ್ಕೊಂಡೇ ಬರ್ತೀನಿ," ಎಂದು ಸಾಕ್ಸ್ ಎತ್ತಿಕೊಂಡು ಹೊರಟಳು. ಇಷ್ಟು ಬೇಗ ಒಪ್ಪಿಕೊಂಡದ್ದು ಪಾದ್ರಿಗೆ ಸರಿಕಾಣಲಿಲ್ಲ.

ಭಾನುವಾರ ಕೆಲಸ ಬಿಡುವ ಹೊತ್ತಿಗೆ ಗೋಡೆಯಾಚೆ ಗಂಟೆ ಬಾರಿಸಿತು. ಕುಳ್ಳಿಯೂ ಮುದುಕನೂ ನಲ್ಲಿಯ ಹತ್ತಿರ ತೆಂಗಿನ ನಾರು ಹಿಡಿದು ಕಾಲುಜ್ಜಲು ಕೂತರು. ಎಷ್ಟು ಉಜ್ಜಿದರೂ ಚರ್ಮ ಕೆಂಪಾಯಿತೇ ಹೊರತು ನೀಲಿ ಹೋಗಲಿಲ್ಲ. ಬಾಯಿಬಡುಕಿ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬಿಳಿ ಸಾಕ್ಸನ್ನು ನೀಟಾಗಿ ಎಳೆದು ಹಾಕಿಕೊಂಡಳು. ಆಮೇಲೆ ಎರಡೂ ಕಾಲನ್ನು ಗುಳ್ಳೆ ಏಳದಂತೆ ಮೆಲ್ಲಗೆ ತೊಟ್ಟಿಯೊಳಗೆ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಇಟ್ಟು, ಮೇಲೆತ್ತಿ, ಹಿಂಡದೆಯೇ ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲ ಏರಿಸಿ, ದಾರ ಸುತ್ತಿ ಬಿಗಿಯಾಗಿ ಕಟ್ಟಿದಳು. ಗಾಳಿ ಆಡಬಾರದು.

"ಏನೇ ಮಾಡ್ತಿದ್ದೀಯಾ, ತಿಕ್ಕಲು?" ಕುಳ್ಳಿ ಕೈಯಲ್ಲಿದ್ದ ನಾರು ಬಿಟ್ಟಳು.

"ಸಾಕ್ಸ್ ಹಾಕ್ಕೊಂಡೆ."

"ಆ ಚೀಲ?"

"ನೆಲ ಗಲೀಜಾಗಬಾರದಲ್ಲ. ದೇವರ ಮನೆ."

"ಮೇಸ್ತ್ರಿಗೆ ಗೊತ್ತಾದ್ರೆ ಚರ್ಮ ಸುಲೀತಾನೆ ಬೋಳಿಮಗ."

"ಸುಲೀಲಿ. ಈ ಬಣ್ಣದ ಚರ್ಮ ಯಾವ ಅಂಗಡೀಲಿ ಮಾರ್ತಾನೋ ನೋಡ್ತೀನಿ."

ಚರ್ಚಿನ ಮುಂದುಗಡೆ ಮೂರು ಕುರ್ಚಿ ಹಾಕಿದ್ದರು. ಬಾಯಿಬಡುಕಿ ಚರಪರ ಸದ್ದು ಮಾಡುತ್ತಾ ಹೋಗಿ ಕೊನೆಯದರಲ್ಲಿ ಕೂತಳು. ಎದುರಿಗೆ ಮೊದಲ ಸಾಲಿನಲ್ಲಿ ಬಿಷಪ್ಪರು. ಮುದುಕರು, ಆದರೆ ಕಣ್ಣು ಇನ್ನೂ ಎಲ್ಲವನ್ನೂ ತಿಳಿಯಬೇಕೆನ್ನುವ ಮಗುವಿನದು. ಯಜಮಾನರು ಅಂಗಿಯ ತೋಳು ಮಡಚಿ, ಟವೆಲು ಹೆಗಲಿಗೆ ಹಾಕಿ, ದಿಂಬಿನ ಮೇಲೆ ಮಂಡಿಯೂರಿದರು. ಮುದುಕನ ಸಾಕ್ಸಿಗೆ ಒದ್ದೆ ಬಟ್ಟೆಯ ತುದಿ ಮುಟ್ಟಿಸಿದರು. ಕುಳ್ಳಿಯ ಸಾಕ್ಸಿಗೆ ಮುಟ್ಟಿಸಿದರು. ಬಿಷಪ್ಪರು ಏನೋ ಅರ್ಥವಾಗದವರಂತೆ ಮುಂದಕ್ಕೆ ಬಾಗಿ ನೋಡುತ್ತಿದ್ದರು.

ಬಾಯಿಬಡುಕಿ ತಾನೇ ಬಗ್ಗಿ ದಾರ ಬಿಚ್ಚಿ ಚೀಲ ತೆಗೆದಳು. ಒಳಗಿನ ಸಾಕ್ಸ್ ಹಳದಿ ಹಸಿರಾಗಿ ತೊಟ್ಟಿಕ್ಕುತ್ತಿತ್ತು. ಯಜಮಾನರ ಕೈ ಅರ್ಧದಲ್ಲಿ ನಿಂತಿತು.

"ಅಯ್ಯೋ, ಒದ್ದೆ ಆಗಿದೆಯಲ್ಲಪ್ಪಾ," ಎಂದರು ಬಿಷಪ್ಪರು, ಕೂತಲ್ಲಿಂದಲೇ. "ಒದ್ದೆ ಸಾಕ್ಸ್ ಹಾಕ್ಕೊಂಡು ಆ ತಾಯಿ ಹೇಗೆ ಕೂರ್ತಾಳೆ? ತೆಗೆದು ತೊಳೀರಿ ಹಿರಿಯರೇ."

"ಅದು, ಸ್ವಾಮಿ, ಇವರು ಸ್ವಲ್ಪ..."

"ತೆಗೀರಿ ತೆಗೀರಿ. ಇವತ್ತು ಬಂದಿರೋದೇ ಅದಕ್ಕಲ್ವಾ?"

ಬಣ್ಣದ ಕಾರ್ಖಾನೆಯ ಯಜಮಾನರೇ ಹೌದು, ಆದರೆ ಅವರು ತಮ್ಮ ಜನ್ಮದಲ್ಲಿ ತೊಟ್ಟಿಗೆ ಬೆರಳು ಅದ್ದಿದವರಲ್ಲ. ನೀಲಿ ಅವರಿಗೆ ಗೊತ್ತಿದ್ದದ್ದು ಒಣಗಿ, ಮಡಿಸಿ, ಕಟ್ಟು ಕಟ್ಟಿದ ಮೇಲೆ. ಇದು ನೀಲಿಯಲ್ಲವಲ್ಲ, ಏನೋ ಕೊಚ್ಚೆ ನೀರು ಎಂದುಕೊಂಡರೋ ಏನೋ, ಸಾಕ್ಸಿಗೆ ಕೈಹಾಕಿದರು. ಒದ್ದೆ ಸಾಕ್ಸ್ ಸುಲಭಕ್ಕೆ ಬರುವಂಥದಲ್ಲ. ಎರಡೂ ಕೈಯಲ್ಲಿ ಹಿಡಿದು, ಹಿಂಡಿದಂತೆ ಎಳೆಯಬೇಕಾಯಿತು. ಆ ನೀರು ಮಣಿಕಟ್ಟಿನವರೆಗೆ ಇಳಿಯಿತು. ಕಾಲು ಹೊರಬಂತು. ಅವರು ಅದನ್ನು ಬೋಗುಣಿಯ ಮೇಲೆ ಹಿಡಿದು ನೀರು ಹುಯ್ದರು.

ಹಿಮ್ಮಡಿಯ ಒಂದು ಸೀಳಿನಲ್ಲಿ ಅವರ ಹೆಬ್ಬೆರಳಿನ ತುದಿ ಸಿಕ್ಕಿಕೊಂಡಿತು. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು. ಬಾಯಿಬಡುಕಿ ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಬಂದದ್ದು ಕಿತಾಪತಿ ಮಾಡಲು. ಬೆಚ್ಚಗಿನ ಅಂಗೈ, ಕಾಲಿನ ಕೆಳಗೆ. ಅದು ಈ ಮನುಷ್ಯನ ಅಂಗೈ ಎನ್ನುವುದಕ್ಕೆ ಅವಳಿಗೆ ಸಿಟ್ಟು ಬಂತು, ಆದರೂ ಅಂಗೈಯೇ. ಕಣ್ಣೀರು ಬಂದುಬಿಟ್ಟಿತು. ಥೂ ಎಂದು ಭುಜಕ್ಕೆ ಒರೆಸಿಕೊಂಡಳು.

ಯಜಮಾನರು ಕೈಯನ್ನು ಟವೆಲಿಗೆ ಒರೆಸಿ ಎದ್ದು ನಿಂತರು. ಹಿರಿಯರು ಈಗ ಪ್ರಾರ್ಥನೆ ಮಾಡಬೇಕು. ಅವರ ಪ್ರಾರ್ಥನೆ ಎಂದರೆ ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಉದ್ದಕ್ಕೆ ಮಾಡುವಂಥದು. ಆವತ್ತು ಬಿಷಪ್ಪರಿದ್ದರೆಂದು ಇನ್ನೂ ಉದ್ದ ಮಾಡಿದರು. ಕೈಗೆ ಚೆನ್ನಾಗಿ ಗಾಳಿಯಾಡಿತು. ಮೊದಲು ಹಳದಿಯಾಗಿದ್ದ ಬೆರಳುಗಳು ಹಸಿರಾದವು. ಹಸಿರಾದದ್ದು ಉಗುರಿನ ಬುಡದಿಂದ ಶುರುವಾಗಿ ನೀಲಿಗೆ ತಿರುಗಿತು. ಮುಂದಿನ ಸಾಲಿನ ಒಂದು ಮಗು ಅಮ್ಮನ ತೋಳು ಹಿಡಿದು ಜಗ್ಗಿತು. ಅಮ್ಮ ಗದರಿಸಲು ಕಣ್ಣು ತೆರೆದವಳು ಹಾಗೇ ತೆರೆದುಕೊಂಡೇ ಉಳಿದಳು. ಯಜಮಾನರು, ಸೆಕೆಯಿತ್ತಲ್ಲ, ಮಾತಿನ ಮಧ್ಯೆ ಹಣೆ ಒರೆಸಿಕೊಂಡರು, ಮೂಗು ಒರೆಸಿಕೊಂಡರು. ಆಮೆನ್ ಎಂದು ಕಣ್ಣು ತೆರೆದಾಗ ಇಡೀ ಸಭೆ ತಲೆ ತಗ್ಗಿಸಿಕೊಂಡು ಅಲುಗಾಡುತ್ತಿತ್ತು. ಭಕ್ತಿಯಿಂದಲ್ಲ.

ಕೊನೆಯ ಬೆಂಚಿನ ಪ್ಲಾಸ್ಟಿಕ್ ಹಾಳೆ ಆವತ್ತು ಸದ್ದು ಮಾಡಿದಷ್ಟು ಯಾವತ್ತೂ ಮಾಡಿರಲಿಲ್ಲ.

"ಚೆನ್ನಾಗಿತ್ತು," ಎಂದರು ಬಿಷಪ್ಪರು, ಯಜಮಾನರ ನೀಲಿ ಮೂಗನ್ನು ನೋಡುತ್ತಾ. "ಮುಂದಿನ ಭಾನುವಾರವೂ ಬರ್ತೀನಿ. ಈ ಮೂವರನ್ನ ನಾನೇ ಮುಳುಗಿಸ್ತೀನಿ. ಇಳಿಸೋಕೆ ನೀವಿರ್ತೀರಲ್ಲ."

ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಮೇಸ್ತ್ರಿ ಅಡ್ಡ ನಿಂತಿದ್ದ.

"ಈ ವಾರ ನಿಂಗೆ ಕೆಲಸ ಇಲ್ಲ."

"ಯಾಕೆ? ಹಾಕ್ಕೋ ಅಂದ ಸಾಕ್ಸ್ ಹಾಕ್ಕೊಂಡಿದ್ದಕ್ಕಾ?"

"ಲೌಡಿ, ನಾಟಕ ಆಡಬೇಡ. ಬೆಳಿಗ್ಗೆಯಿಂದ ಯಜಮಾನ್ರು ಸ್ನಾನದ ಮನೆ ಬಿಟ್ಟು ಹೊರಗೆ ಬಂದಿಲ್ಲ. ನಿಂಬೆಹಣ್ಣು ಆಯ್ತು, ಸೀಮೆಎಣ್ಣೆ ಆಯ್ತು, ಮರಳು ಹಾಕಿ ಉಜ್ಜಿದ್ದೂ ಆಯ್ತು."

"ಸೋಪು ಹಚ್ಚಿ ನೋಡಿದ್ರಾ?"

"ಹಚ್ಚಿದ್ರು. ಹೋಗ್ಲಿಲ್ಲ," ಎಂದ ಮೇಸ್ತ್ರಿ. ಅಂದಮೇಲೆ ತಾನು ಏನೆಂದೆ ಎನ್ನುವುದು ಅವನಿಗೂ ಹೊಳೆಯಿತು. ಮೀಸೆಯ ಕೆಳಗೆ ಏನೋ ಅಲುಗಿತು. ನಗುವಿದ್ದರೂ ಇದ್ದೀತು, ಅವನ ಸಂಬಳಕ್ಕೆ ಅದು ಸಲ್ಲದ್ದು. ಮುಖ ಗಂಟಿಕ್ಕಿಕೊಂಡು ಒಪ್ಪಿಸಬೇಕಾದ ಮಾತು ಒಪ್ಪಿಸಿದ. "ಕೇಳಿಲ್ಲಿ. ಈ ಭಾನುವಾರ ಅಲ್ಲಿಗೆ ಹೋಗಬೇಡ, ಸೋಮವಾರ ಇಲ್ಲಿಗೆ ಬಾ. ಭಾನುವಾರ ಅಲ್ಲಿಗೆ ಹೋದೆ ಅಂದ್ರೆ ಸೋಮವಾರ ಇಲ್ಲಿಗೆ ಬರಬೇಡ. ಕೋಣೇನೂ ಖಾಲಿ ಮಾಡು. ಯಜಮಾನ್ರು ಹೇಳಿದ್ದು ಇಷ್ಟೇ."

ಬಾಯಿಬಡುಕಿ ಹಿಂದಿನ ಸಾಲಿನ ತನ್ನ ಕೋಣೆಯ ಕಡೆ ತಿರುಗಿ ನೋಡಿದಳು. ಮುದುಕಿಯನ್ನು ಎಲ್ಲಿ ಮಲಗಿಸುವುದು?

ಮನೆಗೆ ಬಂದು ಅತ್ತೆಗೆ ಹೇಳಿದಳು. ಹೇಳುವಾಗ ಸಾಕ್ಸಿನ ಭಾಗಕ್ಕೆ ಬಂದಾಗ ಅತ್ತೆ ಮತ್ತೆ ಹೇಳಿಸಿದಳು. ಕೈ ನೀಲಿಯಾದ ಭಾಗವನ್ನು ಮೂರನೆಯ ಸಲ ಹೇಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕೆಮ್ಮಿ, ನೀರು ಕುಡಿದಳು.

"ನಗಬೇಡ ಅತ್ತೆ. ಹೋದ್ರೆ ಬೀದಿಗೆ ಬೀಳ್ತೀವಿ."

"ಹೋಗದಿದ್ರೆ?"

"ತೊಟ್ಟಿಗೆ ಬೀಳ್ತೀನಿ. ಸಾಯೋವರೆಗೂ."

ಅತ್ತೆ ತನ್ನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಇನ್ನೊಂದು ಕಡೆಗೆ ಇಟ್ಟುಕೊಂಡಳು. "ಆಯಸ್ಸೆಲ್ಲ ಆ ಹಲ್ಕಾ ನನ್ಮಗನಿಗೂ ಅವರಪ್ಪನಿಗೂ ತುಳಿದುಕೊಟ್ಟೆ. ಒಬ್ಬನೂ ಈ ಕಾಲು ನೋಡಿದವನಲ್ಲ. ನಿನ್ನ ಕಾಲು ಹಿಡಿಸಿಬಿಟ್ಟೆಯಲ್ಲೇ. ಈಗ ಅರ್ಧಕ್ಕೆ ಬಿಡ್ತೀಯಾ? ಭಾ‍ನುವಾರ ನಾನೂ ಬರ್ತೀನಿ. ಎತ್ಕೊಂಡು ಹೋಗೋಕೆ ಜನ ಹುಡುಕು."

ವಾರವಿಡೀ ಬಾಯಿಬಡುಕಿ ಬಾಗಿಲಲ್ಲಿ ಕೂತಿದ್ದಳು. ತೊಟ್ಟಿಯ ಹೆಂಗಸರು ಹೋಗುವಾಗ ಬರುವಾಗ ಮಾತಾಡಿಸುತ್ತಿರಲಿಲ್ಲ, ಮೇಸ್ತ್ರಿ ನೋಡುತ್ತಿದ್ದ. ಆದರೆ ಪ್ರತಿ ಸಂಜೆ ಹೊಸ್ತಿಲ ಮೇಲೆ ಯಾರೋ ಮುಚ್ಚಿಟ್ಟುಹೋದ ಊಟ ಇರುತ್ತಿತ್ತು. ತಟ್ಟೆಯ ಅಂಚಿನಲ್ಲಿ ನೀಲಿ ಬೆರಳಚ್ಚು. ಭಯವಾಗುತ್ತಿತ್ತು ಅವಳಿಗೆ. ಊಟ ಮಾತ್ರ ಬಿಡಲಿಲ್ಲ.

ಭಾನುವಾರ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ತೊಟ್ಟಿಯ ಹೆಂಗಸರೇ ಹೊತ್ತುಕೊಂಡು ಬಂದರು. ಅವರಲ್ಲಿ ಯಾರೂ ನಲ್ಲಿಯ ಹತ್ತಿರ ಹೋಗಿರಲಿಲ್ಲ. ಕಾಲು ತೊಟ್ಟಿಯಿಂದ ಎತ್ತಿದ್ದು ಹಾಗೇ ಇತ್ತು. ಕೊನೆಯ ಬೆಂಚಿನ ಮೇಲೆ ಕೂರಿಸಿದಾಗ ಅತ್ತೆ ಕೈಯಾಡಿಸಿ, "ಇದೇನೇ ಚರಪರ ಅನ್ನುತ್ತೆ, ತೆಗೀರಿ ಇದನ್ನ," ಎಂದಳು. ಹೆಂಗಸರು ಹಾಳೆಯನ್ನು ಎಳೆದು, ಸುತ್ತಿ, ಕಿಟಕಿಯಿಂದ ಹೊರಗೆಸೆದು, ಬರಿಯ ಮರದ ಮೇಲೆ ಕೂತರು. ಪಾದ್ರಿ ನೋಡಿದ. ಛಾವಣಿ ನೋಡಿದ. ಈ ಸಲ ಹಾಡಿನ ಪುಸ್ತಕ ತೆರೆದು ಪುಟ ಹುಡುಕಿದ.

ಸ್ನಾನದ ತೊಟ್ಟಿ ಮುಂದುಗಡೆ ನೆಲದಲ್ಲೇ ತೋಡಿದ್ದು, ಇಳಿಯಲು ಕಲ್ಲಿನ ಮೆಟ್ಟಿಲು. ಬಿಷಪ್ಪರು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಮೇಲಿನ ಮೆಟ್ಟಿಲಿನಲ್ಲಿ ಯಜಮಾನರು, ಕೋಟು ತೊಟ್ಟು, ಪಾಲಿಶ್ ಮಾಡಿದ ಶೂ ಹಾಕಿ. ಎರಡೂ ಕೈಗೆ ಬಿಳಿ ಕೈಗವಸು. ಅಲರ್ಜಿ ಎಂದು ಹೇಳಿದ್ದರು. ಅವರು ಗವಸಿನ ಕೈಯಿಂದ ಮುದುಕನನ್ನು ಇಳಿಸಿದರು, ಕುಳ್ಳಿಯನ್ನು ಇಳಿಸಿದರು. ಅವರಿಬ್ಬರೂ ಮುಳುಗಿ, ಎದ್ದು, ಗಡಗಡ ನಡುಗುತ್ತಾ ಆಚೆ ಹೋದರು.

ಬಾಯಿಬಡುಕಿ ಬಂದು ನಿಂತಾಗ ಯಜಮಾನರು ತುಟಿ ಅಲುಗಿಸದೆ, ಮೆಲ್ಲಗೆ ಹೇಳಿದರು. "ಇನ್ನೂ ಹೊತ್ತು ಮೀರಿಲ್ಲಮ್ಮಾ. ತಲೆ ಸುತ್ತು ಅಂತ ಹೇಳಿ ವಾಪಸು ಹೋಗು. ನಾಳೆ ಕೆಲಸಕ್ಕೆ ಬಾ. ಬೂಟಿನ ವಿಷಯಾನೂ ನೋಡೋಣ."

ಬೂಟು. ಅವಳಿಗೆ ತಲೆ ನಿಜವಾಗಿಯೂ ಸುತ್ತಿತು. ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದಳು. ಅಲ್ಲಿ ಅತ್ತೆ ಮಂಜಾದ ಕಣ್ಣುಗಳನ್ನು ಸರಿಯಾಗಿ ಇವಳ ಕಡೆಗೇ ನೆಟ್ಟು ಕೂತಿದ್ದಳು. ಅವಳ ಸುತ್ತ ಸಾಲಾಗಿ ನೀಲಿ ಕಾಲುಗಳು, ನೆಲದ ಮೇಲೆ ನೀಲಿ ಹೆಜ್ಜೆಗಳು.

"ಬಾಮ್ಮಾ," ಎಂದು ಕರೆದರು ಬಿಷಪ್ಪರು ನೀರಿನಿಂದ. "ಕೇಳಲೇಬೇಕಾದ ಪ್ರಶ್ನೆ ಕೇಳಿಬಿಡ್ತೀನಿ. ಕ್ರೈಸ್ತಳಾಗೋದು ಅಂದ್ರೆ ಏನು?"

"ಬಾಯಿಪಾಠ ಮರೆತುಹೋಯ್ತು ಸ್ವಾಮಿ," ಎಂದಳು ಬಾಯಿಬಡುಕಿ. "ಮಾಡಿ ತೋರಿಸ್ಲಾ?"

ಯಜಮಾನರು ಚಾಚಿದ್ದ ಕೈಯ ನಡುಬೆರಳಿನ ತುದಿಯನ್ನು ಚಿವುಟಿ ಹಿಡಿದು ಎಳೆದಳು. ಒಣ ಗವಸು, ಸಾಕ್ಸಿನಂತೆ ಹಟ ಮಾಡಲಿಲ್ಲ, ಸರ್ರನೆ ಬಂತು. ಒಳಗಿನಿಂದ ಹೊರಬಂದ ಕೈ ಮಣಿಕಟ್ಟಿನವರೆಗೂ ನೀಲಿ, ಮರಳಿನಿಂದ ಉಜ್ಜಿ ತರಚಿಹೋಗಿತ್ತು. ಅವಳು ತನ್ನ ನೀಲಿ ಕೈಯಿಂದ ಅದನ್ನು ಬಿಗಿಯಾಗಿ ಹಿಡಿದಳು. ಹಿಡಿದುಕೊಂಡೇ ಒಂದೊಂದು ಮೆಟ್ಟಿಲು ಇಳಿದಳು. ಪದ್ಧತಿಯ ಪ್ರಕಾರ ಕೊನೆಯ ಮೆಟ್ಟಿಲಿನಲ್ಲಿ ಕೈ ಬಿಡಬೇಕು. ಯಜಮಾನರು ಬಿಡಿಸಿಕೊಳ್ಳಲು ನೋಡಿದರು. ಬೆಳಗಿನಿಂದ ಸಂಜೆಯವರೆಗೆ ಒದ್ದೆ ಬಟ್ಟೆ ಹಿಂಡುವ ಕೈ ಅವಳದು. ಬಿಷಪ್ಪರು ಅವಳ ತಲೆಯ ಮೇಲೆ ಅಂಗೈ ಇಟ್ಟು ಮಂತ್ರದಂತೆ ಏನೋ ಹೇಳಿ ಮುಳುಗಿಸಿದರು. ಒದ್ದೆ ಕಲ್ಲಿನ ಮೇಲೆ ಯಜಮಾನರ ಪಾಲಿಶ್ ಮಾಡಿದ ಶೂ ನಿಲ್ಲಲಿಲ್ಲ.

ದೊಡ್ಡದೊಂದು ಸದ್ದಾಯಿತು. ಮೊದಲ ಸಾಲಿನವರಿಗೆಲ್ಲ ನೀರು ಎರಚಿತು. ಯಜಮಾನರ ಹೆಂಡತಿ ಎದ್ದುನಿಂತಳು. ಕೊನೆಯ ಬೆಂಚಿನವರು ಆಗಲೇ ಎದ್ದುನಿಂತಿದ್ದರು.

"ಯಾರೇ ಬಿದ್ದಿದ್ದು?" ಅತ್ತೆಯ ದನಿ ಇಡೀ ಚರ್ಚಿಗೆ ಕೇಳಿಸಿತು.

"ಯಜಮಾನ್ರು," ಎಂದರು ಯಾರೋ.

"ಅವರಿಗೆ ಆವಾಗಲೇ ಸ್ನಾನ ಆಗಿತ್ತಲ್ಲ?"

"ಆಗಿತ್ತು. ಮಗು ಆಗಿದ್ದಾಗಲೇ."

"ಒಂದೇ ಸಲ ಅದ್ದಿದ್ರೆ ಹಿಡಿಯಲ್ಲ," ಎಂದಳು ಅತ್ತೆ.

ನೀರಿನಿಂದ ಎರಡು ತಲೆಗಳು ಮೇಲೆದ್ದವು. ಯಜಮಾನರು ಕೆಮ್ಮುತ್ತಿದ್ದರು. ಬಿಳಿ ಗವಸೊಂದು ಅವರಿಬ್ಬರ ನಡುವೆ ಅಂಗೈ ಮೇಲಾಗಿ ತೇಲುತ್ತಿತ್ತು. ಬಾಯಿಬಡುಕಿ ಮುಖದ ಮೇಲಿನ ನೀರನ್ನು ಎಡಗೈಯಿಂದ ಒರೆಸಿಕೊಂಡಳು. ಬಲಗೈ ಇನ್ನೂ ಬಿಟ್ಟಿರಲಿಲ್ಲ.